ಮೂರನೆಯ ಹೊರೆಕಲ್ಲು

ಹೆಬ್ಬಾಗಿಲು ಶಿಬಿರ
ಡಿಸೆಂಬರ್ ೮, ೨೦೨೪

ಅಮ್ಮನಿಗೆ,

ನನ್ನ ವರ್ಗಾವಣೆ ಅರ್ಜಿ ತಿರಸ್ಕೃತವಾಗಿದೆ. ಶುಕ್ರವಾರ ರೇಷನ್ ತಂದ ಜೀಪಿನ ಚಾಲಕ ಹೇಳಿದ. ಅವನಿಗೆ ವಲಯ ಕಚೇರಿಯ ಗುಮಾಸ್ತರು ಹೇಳಿದರಂತೆ. ಕಾಗದ ಇನ್ನೂ ಕೈಗೆ ಬಂದಿಲ್ಲ. ಕುಂದಾಪುರದ ಕಡೆ ಫಾರೆಸ್ಟ್ ಗಾರ್ಡ್ ಹುದ್ದೆ ಖಾಲಿ ಇಲ್ಲ, ಇಲ್ಲಿಗೆ ಬರಲು ಬೇರೆ ಯಾರೂ ಒಪ್ಪುತ್ತಿಲ್ಲ. ಹಾಗಾಗಿ ನಾನು ಇಲ್ಲೇ. ಎಷ್ಟು ಕಾಲ ಎಂದು ಯಾರೂ ಹೇಳಿಲ್ಲ.

ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಕೊಲ್ಲೂರಿಗೆ ಇಳಿದಾಗ ವಿಶಾಲನ ಫೋನಿಗೆ ಮಾಡಬಹುದು. ಆದರೆ ಅವನು ಸ್ಪೀಕರ್ ಹಾಕುತ್ತಾನೆ, ನಿನ್ನೊಬ್ಬಳನ್ನು ಬಿಟ್ಟು ಮನೆಯವರೆಲ್ಲ ಮಾತಾಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶಿಬಿರದಲ್ಲಿ ಎರಡು ಕೋಣೆ. ಒಂದು ನನ್ನದು, ಇನ್ನೊಂದರಲ್ಲಿ ವಾಚರ್ ಸುಬ್ಬ ಮತ್ತು ಅವನ ಹೆಂಡತಿ ಬೆಳ್ಳಿ. ಪೂರ್ವಕ್ಕೆ ಘಟ್ಟದ ಗೋಡೆ ಇರುವುದರಿಂದ ಒಂಬತ್ತು ಗಂಟೆಯವರೆಗೆ ಬಿಸಿಲು ಬೀಳುವುದಿಲ್ಲ. ಸಂಜೆ ಹಿಂದಿನ ಬಂಡೆ ಹತ್ತಿದರೆ ಕಡಲು ಒಂದು ಗೆರೆಯ ಹಾಗೆ ಕಾಣುತ್ತದೆ. ನಮ್ಮ ಮನೆ ಕಾಣುವುದಿಲ್ಲ, ಅದು ಇರುವ ದಿಕ್ಕು ಕಾಣುತ್ತದೆ.

ಈ ಜಾಗಕ್ಕೆ ಹೆಬ್ಬಾಗಿಲು ಎಂಬ ಹೆಸರು ಯಾಕೆಂದರೆ, ಹಿಂದೆ ಇಲ್ಲಿ ಸುಂಕದ ಬಾಗಿಲಿತ್ತಂತೆ. ಬಸ್ರೂರಿನ ಬಂದರಿನಿಂದ ಘಟ್ಟದ ಮೇಲಿನ ನಗರ ಎಂಬ ಊರಿನ ಕೋಟೆಗೆ ಏರುತ್ತಿದ್ದ ದಾರಿಗಳಲ್ಲಿ ಇದೂ ಒಂದು ಎನ್ನುತ್ತಾರೆ. ಈಗ ಬಾಗಿಲಿನ ಒಂದು ಕಲ್ಲುಕಂಬ ಮಾತ್ರ ನಿಂತಿದೆ. ಗೋಡೆಯಿಲ್ಲ, ದಾರಿಯೂ ಇಲ್ಲ. ಆದರೆ ದಾರಿಯ ಉದ್ದಕ್ಕೂ ಹೊರೆಕಲ್ಲುಗಳಿವೆ. ನೆಟ್ಟ ಎರಡು ಕಲ್ಲಿನ ಮೇಲೆ ಒಂದು ಅಡ್ಡ ಚಪ್ಪಡಿ. ತಲೆಹೊರೆಯವರು ಇನ್ನೊಬ್ಬರ ಸಹಾಯವಿಲ್ಲದೆ ಹೊರೆ ಜಾರಿಸಿ ದಣಿವಾರಿಸಿಕೊಳ್ಳಲು ಮಾಡಿದ್ದು. ಶಿಬಿರದಿಂದ ಮೇಲೆ ಹೋದರೆ ಮೂರನೆಯದು ಹೊಳೆಯ ಬಲಕ್ಕೆ ಸಿಗುತ್ತದೆ. ಅಳತೆ ನೋಡಿದೆ. ನೀನು ಮೀನಿನ ಬುಟ್ಟಿ ಇಳಿಸಲು ಸರಿಯಾದ ಎತ್ತರ.

ನಿನ್ನ ಮಂಡಿನೋವು ಹೇಗಿದೆ ಬರೆ.

ಇತಿ,
ಚೇತನಾ


ಉಪ್ಪುಂದ
ಡಿಸೆಂಬರ್ ೨೨, ೨೦೨೪

ಚೇತನಾ,

ಮನೆಯಲ್ಲಿ ಪ್ರಶ್ನೆ ಇಟ್ಟಾಯಿತು. ಮೊನ್ನೆ ಗುರುವಾರ. ಜೋಯಿಸರು ಕುಂಭಾಶಿ ಕಡೆಯವರು. ನಿನ್ನ ಗೋಪಿ ಮಾವನೇ ಹೋಗಿ ಕರೆತಂದ.

ಕಾರಣ ವಿಶಾಲ. ಅವನ ಎರಡು ಕೈಯ ಚರ್ಮವೂ ಹಾವಿನ ಪೊರೆಯ ಹಾಗೆ ಏಳುತ್ತಿದೆ. ನಿಶ್ಚಿತಾರ್ಥದ ದಿನ ಹೆಣ್ಣಿನ ಕಡೆಯವರು ಅದನ್ನು ನೋಡಿದರು. ಕಾಫಿ ಕುಡಿದು ಹೋದವರು ಮತ್ತೆ ಬರಲಿಲ್ಲ. ಇದು ಎರಡನೆಯ ಸಂಬಂಧ ತಪ್ಪಿದ್ದು. ನಿನ್ನ ಚಿಕ್ಕಮ್ಮ ರತ್ನ ಮಗನ ಕೈ ಹಿಡಿದುಕೊಂಡು ಅಳುತ್ತಾಳೆ. ದಿನಾ ನೋಡಲು ನನಗೂ ಆಗುವುದಿಲ್ಲ.

ಜೋಯಿಸರು ಕವಡೆ ಹಾಕಿ ಹೇಳಿದ್ದು ಇಷ್ಟು. ನಮ್ಮ ಕುಟುಂಬದ ನಾಗನ ಮೂಲಸ್ಥಾನ ಪಾಳುಬಿದ್ದಿದೆ, ಹುಡುಕಿ ಕಟ್ಟಬೇಕು. ಅದು ಎಲ್ಲಿದೆ ಎಂದು ನನ್ನ ಅಮ್ಮನಿಗೂ ತಿಳಿದಿರಲಿಲ್ಲ. ನಾವು ವರ್ಷಾವರ್ಷ ಹಾಲೆರೆಯುವ ನಾಗಬನ ಊರಿನದು, ನಮ್ಮದಲ್ಲ. ‘ಪೂರ್ವದಲ್ಲಿ, ಏರುದಾರಿಯಲ್ಲಿ, ಹರಿಯುವ ನೀರಿನ ಬಲಕ್ಕೆ’ ಎಂದರು.

ನಿನ್ನ ಪತ್ರ ಬಂದದ್ದು ಅದಕ್ಕಿಂತ ಮೂರು ದಿನ ಮೊದಲು. ಎಲ್ಲರೆದುರು ಓದಿದ್ದೆ. ಜೋಯಿಸರಿಗೆ ಅದರ ವಿಷಯ ಯಾರಾದರೂ ಹೇಳಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರು ಹೋದ ಮೇಲೆ ಗೋಪಿ, ‘ಅಕ್ಕ, ಆ ಕಾಗ್ದ ಮತ್ತೊಂದ್ ಸಲ ಓದ್’ ಅಂದ. ಓದಿದೆ. ‘ಹೊರೆ ಇಳ್ಸು ಕಲ್ಲ್. ಹೊಳಿ ಬಲಕ್ಕೆ. ಕಂಡ್ಯಾ?’ ಅಂದ. ರತ್ನ, ‘ಹೆಣ್ಣ್ ಕಾಡಿಗ್ ಹೋದದ್ದೇ ಇದ್ಕೆ ಕಾಣಿ’ ಅಂದಳು.

ನಮ್ಮ ಅಜ್ಜಿಯ ಅಜ್ಜಿ ಒಣಮೀನು, ಉಪ್ಪು ಹೊತ್ತು ಘಟ್ಟ ಹತ್ತುತ್ತಿದ್ದದ್ದು ನಿಜ. ಬರುವಾಗ ಅಕ್ಕಿ, ಮೆಣಸು ತರುತ್ತಿದ್ದರಂತೆ. ಮನೆಯವರೆಲ್ಲ ಕೇಳಿ ಬೆಳೆದ ಕಥೆ ಅದು.

ಒಮ್ಮೆ ನೋಡು. ನಮ್ಮಲ್ಲಿ ಎಲ್ಲವೂ ತಾಯಿಯ ಕಡೆಯ ಲೆಕ್ಕ. ಈ ಮನೆಯಲ್ಲಿ ನಿನ್ನ ತಲೆಮಾರಿನ ಹೆಣ್ಣು ನೀನೊಬ್ಬಳೇ.

ಮಂಡಿನೋವು ಇದ್ದ ಹಾಗೇ ಇದೆ. ಈ ವಾರ ಬಂಗುಡೆ ಮೀನು ಇಲ್ಲ.

ನಿನ್ನ ಅಮ್ಮ,
ಸರಸ


ಹೆಬ್ಬಾಗಿಲು ಶಿಬಿರ
ಜನವರಿ ೧೯, ೨೦೨೫

ಅಮ್ಮನಿಗೆ,

ಹುಡುಕಿಕೊಡುತ್ತೇನೆ ಎಂದು ನಾನು ಹೇಳಲಾರೆ. ಇದು ಅಭಯಾರಣ್ಯ. ಒಳಗೆ ಬರಲು ಪರವಾನಗಿ ಬೇಕು. ಕಟ್ಟೆ ಕಟ್ಟಿದರೆ, ಮರ ಕಡಿದರೆ ವನ್ಯಜೀವಿ ಕಾಯ್ದೆಯಲ್ಲಿ ಕೇಸು. ಕೇಸು ಹಾಕಬೇಕಾದವಳು ನಾನು. ಗೋಪಿ ಮಾವನಿಗೆ ಇದನ್ನು ಹೀಗೇ ಓದಿ ಹೇಳು.

ಕೆಲಸಕ್ಕೆ ಸೇರುವಾಗ ಇದು ಮನುಷ್ಯರು ಕಾಲಿಡದ ಕಾಡು ಎಂದುಕೊಂಡಿದ್ದೆ. ಹಾಗಲ್ಲ. ಮೂರನೆಯ ಹೊರೆಕಲ್ಲಿನಿಂದ ಆಚೆ ಇಳಿಜಾರಿನಲ್ಲಿ ಗದ್ದೆಯ ಅಂಚುಗಳಿವೆ, ಒಂದರ ಕೆಳಗೊಂದು, ಮೆಟ್ಟಿಲಿನ ಹಾಗೆ. ಈಗ ಗದ್ದೆಯ ನಡುವೆ ನಾನು ತಬ್ಬಲಾಗದಷ್ಟು ದಪ್ಪದ ಮರಗಳು. ಕೆಂಪುಕಲ್ಲು ಕಟ್ಟಿದ ಬಾವಿಯೊಂದಿದೆ, ಬಾಯಿಯವರೆಗೆ ತರಗೆಲೆ. ಒರಳುಕಲ್ಲು ಒಂದು ಬೇರಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ. ಮರ ಅದನ್ನು ನೆಲದಿಂದ ಅರ್ಧ ಅಡಿ ಎತ್ತಿದೆ. ಜ್ವರ ಬಂದು ಊರು ಖಾಲಿಯಾಯಿತು ಎಂದು ಕೆಲವರು, ದಾರಿ ಬೇರೆ ಘಟ್ಟಕ್ಕೆ ಹೋದದ್ದರಿಂದ ಎಂದು ಕೆಲವರು ಹೇಳುತ್ತಾರೆ. ಎರಡಕ್ಕೂ ನಾನು ದಾಖಲೆ ನೋಡಿಲ್ಲ.

ಬೆಳ್ಳಿ ಆ ಕಡೆ ಕಟ್ಟಿಗೆಗೆ ಹೋಗುವುದಿಲ್ಲ. ಯಾಕೆ ಎಂದು ಕೇಳಿದೆ. ‘ಮನಿ ಇದ್ದ್ ಜಾಗ ಅಲ್ದಾ ಅಮ್ಮ? ಹೇಳ್ದೆ ಒಳ್ಗ್ ಹೋಪುದ್ ಹ್ಯಾಂಗೆ?’ ಅಂದಳು.

ಒಂದು ಮಾತು ಕೇಳಬೇಕಿತ್ತು. ಅಜ್ಜಿಯವರು ಹೇಳುತ್ತಿದ್ದ ಕಥೆಯಲ್ಲಿ ಯಾವುದಾದರೂ ಮರದ ವಿಷಯ ಇತ್ತೇ? ಸುಮ್ಮನೆ ಕೇಳಿದೆ.

ಚೇತನಾ


ಬೈಂದೂರು
ಫೆಬ್ರವರಿ ೯, ೨೦೨೫

ಚೇತನಾ,

ಇನ್ನು ಮುಂದೆ ಮನೆಗೆ ಬರೆಯಬೇಡ. ಮೀನು ಮಾರ್ಕೆಟ್ಟಿನ ಪಕ್ಕ ಸ್ನೇಹಲತಾಳ ಬಟ್ಟೆ ಅಂಗಡಿಯ ವಿಳಾಸ ಕೆಳಗೆ ಬರೆದಿದ್ದೇನೆ. ಅವಳಿಗೆ ಹೇಳಿದ್ದೇನೆ. ‘ಈ ಪ್ರಾಯದಗೆ ಗುಟ್ಟಿನ್ ಕಾಗ್ದ ಬತ್ತಾ ಸರಸಕ್ಕ ನಿಮ್ಗೆ?’ ಎಂದು ಅಂಗಡಿ ತುಂಬ ಕೇಳುವ ಹಾಗೆ ನಕ್ಕಳು. ಅವಳ ಸ್ಟೂಲಿನ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ.

ಮರದ ವಿಷಯ ಇತ್ತು. ಸುರಗಿ ಮರ. ಘಟ್ಟ ಇಳಿದು ಬರುವಾಗ ಹೆಂಗಸರು ಅಲ್ಲಿ ಹೊರೆ ಇಳಿಸಿ, ನಾಗನಿಗೆ ಕೈಮುಗಿದು, ಬಿದ್ದ ಸುರಗಿ ಹೂ ಆರಿಸಿ ಮುಡಿಯುತ್ತಿದ್ದರಂತೆ. ಒಣಗಿದಷ್ಟೂ ಪರಿಮಳ ಹೆಚ್ಚುವ ಹೂ ಅದು. ಮನೆಗೆ ಬಂದ ಮೇಲೆ ಪೆಟ್ಟಿಗೆಯ ಸೀರೆಯೊಳಗೆ ಇಡುತ್ತಿದ್ದರು.

ನೀನು ಯಾವತ್ತೂ ಸುಮ್ಮನೆ ಕೇಳುವವಳಲ್ಲ. ನಿನ್ನ ಪತ್ರದ ಕಾಯ್ದೆಯ ಭಾಗ ಗೋಪಿಗೆ ಓದಿದೆ. ಮರದ ಸಾಲು ಓದಲಿಲ್ಲ.

ಅವನು ನಿಲ್ಲಿಸುವ ಹಾಗಿಲ್ಲ. ಮೇಸ್ತ್ರಿ ರಾಮನ ಹತ್ತಿರ ಮಾತಾಡಿದ್ದಾನೆ. ಸುತ್ತ ಕಟ್ಟೆ, ಟೈಲ್ಸು, ಮೇಲೆ ಸ್ಟೀಲಿನ ಬೇಲಿ. ‘ಕಾಡ್ ಕಾಯು ಹೆಣ್ಣಿಗೆ ಮನಿ ಕಾಯುಕ್ ಗೊತ್ತಿಲ್ಲೆ’ ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಾನೆ. ಕೆಟ್ಟವನೆಂದು ನಾನು ಹೇಳುವುದಿಲ್ಲ. ನಿನ್ನ ಅಪ್ಪ ಹೋದ ಮೇಲೆ ನಿನ್ನನ್ನು ಓದಿಸಿದವನು ಅವನು. ಮದುವೆಯಾಗದೆ ನಮ್ಮಿಬ್ಬರು ಅಕ್ಕತಂಗಿಯರ ಮಕ್ಕಳನ್ನು ಸಾಕಿದ.

ಈ ಮನೆ ಅವನದಲ್ಲ, ನನ್ನದಲ್ಲ, ಕುಟುಂಬದ್ದು. ಯಾರೂ ಯಾರನ್ನೂ ಹೊರಗೆ ಹಾಕುವ ಹಾಗಿಲ್ಲ. ಯಾರೂ ಹೊರಗೆ ಹೋಗುವ ಹಾಗೂ ಇಲ್ಲ.

ಸರಸ


ಹೆಬ್ಬಾಗಿಲು ಶಿಬಿರ
ಫೆಬ್ರವರಿ ೨೦, ೨೦೨೫

ಅಮ್ಮನಿಗೆ,

ಹೌದು, ಇದೆ. ನವೆಂಬರಿನಲ್ಲೇ ನೋಡಿದ್ದೆ. ಏನೆಂದು ಆಗ ತಿಳಿದಿರಲಿಲ್ಲ.

ಮೂರನೆಯ ಹೊರೆಕಲ್ಲಿನಿಂದ ಹತ್ತು ಮಾರು ಮೇಲೆ, ಸುರಗಿ ಮರದ ಬುಡದಲ್ಲಿ. ಮೊಣಕಾಲೆತ್ತರದ ಕಲ್ಲು, ಹೆಡೆಯ ಗುರುತು ಅರ್ಧ ಸವೆದಿದೆ. ಬೇರು ಒಂದು ಕಡೆಯಿಂದ ಅದನ್ನು ಹಿಡಿದುಕೊಂಡಿದೆ. ಬುಡದ ಮಣ್ಣಿನಲ್ಲಿ ಬಿಳಿ ಚೂರುಗಳು ಕಂಡವು. ಕೆದಕಿದರೆ ಚಿಪ್ಪು. ಕಡಲಿನ ಚಿಪ್ಪು, ಮರಳಿನಲ್ಲಿ ನಾವು ಆರಿಸುತ್ತಿದ್ದಂಥವೇ. ಒಂದೆರಡಲ್ಲ, ಅಂಗೈ ಆಳದವರೆಗೂ ಇವೆ. ಇಲ್ಲಿಗೆ ಕಡಲಿನಿಂದ ಚಿಪ್ಪು ತರಬೇಕಾದವರು ಯಾರು? ಬಂದವರೆಲ್ಲ ಒಂದೊಂದು ಇಟ್ಟು ಹೋಗಿರಬೇಕು. ಅವನ್ನು ಹಾಗೇ ಮುಚ್ಚಿದೆ.

ಮಾವನಿಗೆ ಹೇಳಬೇಡ. ಹೇಳಿದರೆ ಸಿಮೆಂಟು ಬರುತ್ತದೆ.

ನೀನೊಬ್ಬಳೇ ಬಾ. ಪರವಾನಗಿ ಕೇಳಿದರೆ ಕೊಡುವುದಿಲ್ಲ, ನಾನು ಕೇಳುವುದೂ ಇಲ್ಲ. ಮಾರ್ಚ್ ೨, ಭಾನುವಾರ. ಆ ದಿನ ಸುಬ್ಬ ಮತ್ತು ಬೆಳ್ಳಿ ನೆಂಟರ ಮನೆಗೆ ಹೋಗುತ್ತಾರೆ. ಮೊದಲ ಬಸ್ಸಿಗೆ ಕೊಲ್ಲೂರಿಗೆ ಬಂದು ನಿಲ್ಲು, ಬೈಕಿನಲ್ಲಿ ಕರೆದುಕೊಂಡು ಬರುತ್ತೇನೆ. ಹಾಲು, ಅರಿಶಿನ, ಒಂದು ಸೀಯಾಳ ಸಾಕು. ಯಾರಿಗಾದರೂ ತಿಳಿದರೆ ನನ್ನ ಕೆಲಸ ಉಳಿಯುವುದಿಲ್ಲ. ಅದು ನಿನಗೆ ಗೊತ್ತಿರಲಿ ಎಂದು ಬರೆದೆ.

ಚೇತನಾ


ಬೈಂದೂರು
ಮಾರ್ಚ್ ೧೨, ೨೦೨೫

ಚೇತನಾ,

ಗೋಪಿಗೆ ಗೊತ್ತಾಗಿದೆ. ಹೇಳಿದ್ದು ಯಾರೂ ಅಲ್ಲ, ನನ್ನ ತಲೆಯ ಹೂ.

ಆ ದಿನ ಹಾಲೆರೆದು ಎದ್ದಾಗ ಹೆಗಲ ಮೇಲೆ, ಸೆರಗಿನ ಮೇಲೆ ಹೂ ಬಿದ್ದಿತ್ತು. ನೀನು ನೀರು ತರಲು ಹೋಗಿದ್ದೆ. ಒಂದು ಹಿಡಿ ಆರಿಸಿ ಮುಡಿದೆ. ಮುಡಿಯದೆ ಬರುವುದು ಸರಿ ಎನಿಸಲಿಲ್ಲ. ಬಸ್ಸಿನಲ್ಲಿ ತೆಗೆಯಬೇಕಿತ್ತು. ತೆಗೆಯುತ್ತೇನೆ, ಈ ಸ್ಟಾಪು ಕಳೆಯಲಿ, ಮುಂದಿನದು ಕಳೆಯಲಿ ಎಂದುಕೊಂಡೇ ಉಪ್ಪುಂದದಲ್ಲಿ ಇಳಿದೆ.

ಮನೆಯಲ್ಲಿ ಆನೆಗುಡ್ಡೆಯ ದೇವಸ್ಥಾನಕ್ಕೆ ಹೋಗುತ್ತೇನೆ ಎಂದು ಹೇಳಿ ಬಂದಿದ್ದೆನಲ್ಲ. ಗೋಪಿ ಜಗಲಿಯಲ್ಲಿ ಬಲೆ ನೋಡುತ್ತಿದ್ದ. ನಾನು ದಾಟುವಾಗ ತಲೆ ಎತ್ತಿ, ‘ಆನೆಗುಡ್ಡೆಲ್ ಈಗ ಸುರಗಿ ಪ್ರಸಾದ ಕೊಡ್ತ್ರಾ ಅಕ್ಕ?’ ಅಂದ. ‘ದಾರಿಯಲ್ಲಿ ಮಾರುತ್ತಿದ್ದರು’ ಅಂದೆ. ‘ಮಾರುವವ್ರ್ ದಂಡಿ ಕಟ್ಟಿ ಮಾರ್ತ್ರ್. ಇದ್ ಬಿಡಿ ಹೂ’ ಅಂದ. ಮತ್ತೆ ಬಲೆಗೆ ಕೈಹಾಕಿದ. ಅಷ್ಟೇ.

ಬೈದಿದ್ದರೆ ಚೆನ್ನಾಗಿತ್ತು. ಹತ್ತು ದಿನವಾಯಿತು, ಒಂದು ಮಾತೂ ಕೇಳಿಲ್ಲ. ನಿನ್ನೆ ರಾಮನ ಬೈಕು ಮನೆಯೆದುರು ನಿಂತಿತ್ತು.

ಕಲ್ಲನ್ನು ನೋಡಿದಾಗಿನಿಂದ ನನಗೆ ಮನೆಯಲ್ಲಿ ಉಸಿರಾಡಲು ಸ್ವಲ್ಪ ಜಾಗ ಸಿಕ್ಕ ಹಾಗಿದೆ. ನಾನು ತಂದ ಚಿಪ್ಪನ್ನು ಇಡುವಾಗ ನೀನು ನೋಡಲಿಲ್ಲ ಎಂದುಕೊಂಡಿದ್ದೇನೆ.

ಸರಸ


ಹೆಬ್ಬಾಗಿಲು ಶಿಬಿರ
ಏಪ್ರಿಲ್ ೬, ೨೦೨೫

ಅಮ್ಮನಿಗೆ,

ಗೋಪಿ ಮಾವ, ವಿಶಾಲ ಮತ್ತು ಮೇಸ್ತ್ರಿ ರಾಮನ ಮೇಲೆ ಗುರುವಾರ ಕೇಸು ದಾಖಲಾಗಿದೆ. ದಾಖಲಿಸಿದ್ದು ನಾನು. ಅವರು ಮನೆಗೆ ಬಂದು ಹೇಳಿರುತ್ತಾರೆ. ನಡೆದದ್ದು ನನ್ನಿಂದಲೂ ತಿಳಿದಿರಲಿ.

ಬೆಳಿಗ್ಗೆ ಗಸ್ತಿಗೆ ನಾನು ಮತ್ತು ಸುಬ್ಬ ಹೋಗಿದ್ದೆವು. ಎರಡನೆಯ ಹೊರೆಕಲ್ಲು ದಾಟುವಾಗಲೇ ಹಸಿ ಮರ ಕಡಿದ ವಾಸನೆ. ಹೋಗಿ ನೋಡಿದರೆ ಸುರಗಿ ನೆಲದಲ್ಲಿದೆ. ಕಲ್ಲಿನ ಸುತ್ತ ಚೌಕ ಕಟ್ಟಿ ಸಿಮೆಂಟು ಹಾಕಿಯಾಗಿತ್ತು. ಚಿಪ್ಪುಗಳ ಮೇಲೆಯೇ. ರಾಮ ಕರಣೆಯಿಂದ ಅಂಚು ನಯ ಮಾಡುತ್ತಿದ್ದ. ವಿಶಾಲ ನೀರಿನ ಕ್ಯಾನು ಹಿಡಿದು ನಿಂತಿದ್ದ. ನನ್ನ ಕಡೆ ನೋಡಲಿಲ್ಲ.

‘ಮಾವ, ಕೆಲ್ಸ ನಿಲ್ಸಿ’ ಅಂದೆ.

‘ಮುಗ್ದೇ ಹೋಯ್ತಲ್ಲ ಹೆಣ್ಣೆ. ಇನ್ನೆಂತ ನಿಲ್ಸುದ್?’

‘ಮರ ಎಂತಕ್ ಕಡ್ದದ್ದ್?’

ಅದಕ್ಕೆ ರಾಮ ಉತ್ತರ ಕೊಟ್ಟ. ‘ಬೇರ್ ಇದ್ರೆ ಕಟ್ಟಿ ಬಿರೀತ್ ಅಮ್ಮ. ಗ್ಯಾರಂಟಿ ಕೊಡುಕ್ ಆತಿಲ್ಲೆ.’

ಜಾಗ ಹೇಗೆ ಸಿಕ್ಕಿತು ಎಂದು ಕೇಳಿದೆ. ಮಾವ ನಕ್ಕರು. ‘ನೀನೇ ಬರ್ದದ್ದಲ್ದಾ, ಮೂರ್ನೆ ಕಲ್ಲ್ ಅಂದೇಳಿ? ಅಲ್ಲಿಂದ್ ಮೇಲೆ ಮೂಗ್ ಕರ್ಕಂಡ್ ಹೋಯ್ತ್. ಮೀನ್ ಇಪ್ಪಲ್ಲ್ ನೀರಿಗೂ ಒಂದ್ ವಾಸ್ನಿ ಇರತ್ತ್.’

ಕೇಸು ಆಗುತ್ತದೆ ಎಂದೆ. ಸ್ವಲ್ಪ ಹೊತ್ತು ನನ್ನ ಸಮವಸ್ತ್ರ ನೋಡಿದರು. ಆಮೇಲೆ, ‘ಆಯ್ಲಿ. ಹೆಸ್ರ್ ಸಮ ಬರಿ. ಗೋಪಿ ಅಂದ್ರೆ ಉಪ್ಪುಂದದಗೆ ಆರ್ ಜನ ಇದ್ರ್’ ಅಂದರು.

ಬರೆದೆ. ನನ್ನ ಕೈಬರಹ ಚೆನ್ನಾಗಿದೆ ಎಂದು ಅವರೇ ವಿಶಾಲನಿಗೆ ತೋರಿಸಿದರು. ಸುಬ್ಬ ಜೊತೆಗಿರದಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಕೇಳಬೇಡ.

ವರದಿಯಲ್ಲಿ ಮಾರ್ಚ್ ೨ರ ವಿಷಯ ಇಲ್ಲ.

ನೀನು ಇಟ್ಟದ್ದನ್ನು ನೋಡಿದ್ದೆ.

ಚೇತನಾ


ಬೈಂದೂರು
ಮೇ ೨೫, ೨೦೨೫

ಚೇತನಾ,

ಮೂವರಿಗೂ ಜಾಮೀನು ಸಿಕ್ಕಿ ತಿಂಗಳ ಮೇಲಾಯಿತು. ಬರೆಯಲು ಇಷ್ಟು ದಿನ ಬೇಕಾಯಿತು.

ಮನೆಯಲ್ಲಿ ಯಾರೂ ನನ್ನ ಜೊತೆ ಮಾತು ಬಿಟ್ಟಿಲ್ಲ. ಮೊದಲಿಗಿಂತ ಹೆಚ್ಚು ಮಾತಾಡುತ್ತಾರೆ. ‘ಉಂಡ್ಯಾ ಅಕ್ಕ, ಮಂಡಿಗೆ ಎಣ್ಣಿ ಹಾಕ್ದ್ಯಾ’ ಎಂದು ಗೋಪಿ ದಿನಾ ಕೇಳುತ್ತಾನೆ. ಮಾರ್ಕೆಟ್ಟಿನಲ್ಲಿ, ‘ಹ್ವಾಯ್ ಸರಸಕ್ಕ, ಮೀನ್ ಕೊಯ್ದ್ರೂ ನಿಮ್ ಮಗ್ಳ್ ಕೇಸ್ ಹಾಕ್ತ್ಲಾ?’ ಎಂದು ನಗುತ್ತಾರೆ. ನಾನೂ ನಗುತ್ತೇನೆ. ವ್ಯಾಪಾರ ಆಗಬೇಕಲ್ಲ.

ವಿಶಾಲನ ಕೈ ವಾಸಿಯಾಗುತ್ತಿದೆ. ಕಟ್ಟೆ ಕಟ್ಟಿದ ವಾರವೇ ಶುರುವಾಯಿತು ಎಂದು ರತ್ನ ಎಲ್ಲರಿಗೂ ಹೇಳುತ್ತಾಳೆ. ಅದೇ ವಾರ ಕುಂದಾಪುರದ ಡಾಕ್ಟರು ಮುಲಾಮು ಬದಲಿಸಿದ್ದರು. ಅದನ್ನು ಹೇಳುವವರು ಯಾರೂ ಇಲ್ಲ. ನಾನೂ ಹೇಳಲಿಲ್ಲ.

ವಿಷಯ ಇದು. ಗೋಪಿಯ ವಕೀಲರು ನಿನ್ನ ಮೇಲ್ಪಟ್ಟವರಿಗೆ ದೂರು ಬರೆದಿದ್ದಾರೆ. ಕೇಸು ಹಾಕಿದ ಗಾರ್ಡೇ ಮೊದಲು ತನ್ನ ತಾಯಿಯನ್ನು ಅಲ್ಲಿಗೆ ಕರೆದೊಯ್ದು ಪೂಜೆ ಮಾಡಿಸಿದ್ದಾಳೆ ಎಂದು. ಅದು ನಿಜವೆಂದಾದರೆ ಇವರ ಕೇಸು ಸಡಿಲವಾಗುತ್ತದಂತೆ. ನೋಡಿದವರು ಯಾರೂ ಇಲ್ಲ. ಹೇಳಬೇಕಾದವಳು ನಾನೊಬ್ಬಳೇ.

‘ನಾನ್ ನಿಂಗೆ ಸುಳ್ಳ್ ಹೇಳ್ ಅಂದ್ನಾ ಅಕ್ಕ?’ ಎಂದು ಗೋಪಿ ಕೇಳಿದ. ‘ಇದ್ದದ್ದ್ ಇದ್ದಾಂಗೆ ಹೇಳ್. ವಿಶಾಲ ಜೈಲಿಗ್ ಹೋಪುದ್ ಬ್ಯಾಡ ಅಲ್ದಾ?’

ನಾನು ಏನು ಮಾಡಲಿ, ಬರೆ.

ಸರಸ


ಹೆಬ್ಬಾಗಿಲು ಶಿಬಿರ
ಜೂನ್ ೧೫, ೨೦೨೫

ಅಮ್ಮನಿಗೆ,

ಕಟ್ಟೆ ಇನ್ನೂ ಹಾಗೇ ಇದೆ. ತೆಗೆಸಬೇಕೆಂದು ಇಲಾಖೆಯ ಆದೇಶ ಮೇ ತಿಂಗಳಲ್ಲೇ ಬಂದಿದೆ. ಒಡೆಯಲು ಜನ ಸಿಕ್ಕಿಲ್ಲ. ಗುತ್ತಿಗೆದಾರರು ಕಳಿಸಿದ ಮೊದಲ ತಂಡ ಕಲ್ಲು ನೋಡಿ, ಸುತ್ತಿಗೆ ಕೆಳಗಿಟ್ಟು, ಕೈಮುಗಿದು ವಾಪಸಾಯಿತು. ಎರಡನೆಯ ತಂಡ ಜೀಪಿನಿಂದ ಇಳಿಯಲೇ ಇಲ್ಲ. ‘ಸಾಹೇಬ್ರೇ ಮೊದ್ಲ ಪೆಟ್ಟ್ ಹೊಡೀಲಿ, ಮತ್ತೆ ಕಾಂಬ’ ಎಂದು ಅವರ ಮುಖ್ಯಸ್ಥ ಹೇಳಿದ. ಸಾಹೇಬರು ಹೊಡೆಯಲಿಲ್ಲ. ಸುಬ್ಬನೂ ಒಲ್ಲೆ ಅಂದ. ನಾನು ಆ ಕುಟುಂಬದವಳು ಎಂಬ ಕಾರಣಕ್ಕೆ ನನ್ನನ್ನು ಕೇಳಲಿಲ್ಲ.

ಮಳೆ ಹಿಡಿದಿದೆ. ಮರ ಇಲ್ಲದ ಕಡೆ ನೀರು ನೇರ ಬೀಳುತ್ತದೆ, ಕಟ್ಟೆಯೊಳಗೆ ನಿಲ್ಲುತ್ತದೆ. ಕಲ್ಲು ಈಗ ಹೆಡೆಯವರೆಗೆ ನೀರಿನಲ್ಲಿದೆ. ನೀರು ಹೊರಗೆ ಹೋಗಲು ದಾರಿ ಬಿಟ್ಟಿಲ್ಲ, ಮೇಸ್ತ್ರಿ ಕೆಲಸ ಅಷ್ಟು ಗಟ್ಟಿ. ಕಡಿದ ಸುರಗಿಯ ಬುಡದಲ್ಲಿ ಚಿಗುರಿದೆ ಎಂದು ಬೆಳ್ಳಿ ಹೇಳುತ್ತಾಳೆ. ನಾನು ನೋಡಿದಾಗ ಕಾಣಲಿಲ್ಲ.

ನನಗೆ ನೋಟಿಸು ಬಂದಿದೆ. ಮಾರ್ಚ್ ೨ರಂದು ಹೊರಗಿನವರನ್ನು ಪರವಾನಗಿಯಿಲ್ಲದೆ ಕರೆತಂದದ್ದು ಹೌದೇ ಎಂದು ಕೇಳಿದ್ದಾರೆ. ಲಿಖಿತ ಉತ್ತರ ಕೊಡಬೇಕು. ಹೌದಾದರೆ ಕೆಲಸ ಹೋಗಬಹುದು. ಇಲ್ಲ ಎಂದು ಬರೆದರೆ ನಂಬುತ್ತಾರೆ ಎಂದು ಗುಮಾಸ್ತರು ಹೇಳಿಕಳಿಸಿದ್ದಾರೆ. ಇನ್ನೂ ಏನೂ ಬರೆದಿಲ್ಲ.

ನೀನು ಏನು ಹೇಳಬೇಕೆಂದು ನಾನು ಹೇಗೆ ಬರೆಯಲಿ? ಆ ಕಡೆ ನಿನ್ನ ತಮ್ಮ, ತಂಗಿಯ ಮಗ. ಈ ಕಡೆ ನಾನು. ನಿನ್ನನ್ನು ಕರೆಯದೆ ಇರಬಹುದಿತ್ತು, ಕರೆದೆ.

ಮಳೆ ನಿಂತಾಗ ಬಂಡೆ ಹತ್ತಿದೆ. ಕಡಲು ಕಾಣಲಿಲ್ಲ.

ಚೇತನಾ


ಬೈಂದೂರು
ಜುಲೈ ೨೦, ೨೦೨೫

ಚೇತನಾ,

ನನಗೂ ನೋಟಿಸು ಬಂತು. ಅಂಚೆಯವನು ಮನೆಗೇ ತಂದುಕೊಟ್ಟ. ಗೋಪಿ ಸಹಿ ಹಾಕಿ ತೆಗೆದುಕೊಂಡ. ಕುಂದಾಪುರದಲ್ಲಿ ನಿನ್ನ ಮೇಲಿನ ಅಧಿಕಾರಿಯ ಎದುರು ಹೋಗಿ ಹೇಳಿಕೆ ಕೊಡಬೇಕು.

ನಾನು ತೀರ್ಮಾನ ಮಾಡಿದ್ದೇನೆ. ಅಲ್ಲಿಗೆ ಬಂದೇ ಇಲ್ಲ ಎಂದು ಹೇಳುತ್ತೇನೆ. ಆ ಭಾನುವಾರ ಆನೆಗುಡ್ಡೆಗೆ ಹೋಗಿದ್ದೆ. ಸ್ನೇಹಲತಾ ಜೊತೆಗಿದ್ದಳು ಎಂದು ಅವಳೂ ಹೇಳುತ್ತಾಳೆ. ‘ಬಸ್ಸಿನ್ ಸೀಟ್ ಯಾವ್ದ್ ಅಂದೇಳಿ ಇಬ್ರೂ ಒಂದೇ ಹೇಳ್ಕ್ ಸರಸಕ್ಕ, ಕಿಟ್ಕಿ ಬದಿ ನಂದ್’ ಎಂದು ಅಭ್ಯಾಸ ಮಾಡಿಸುತ್ತಿದ್ದಾಳೆ. ಹೂವು ಕೊಂಡದ್ದು ಎಂದೇ ಹೇಳುತ್ತೇನೆ.

ಇದರಿಂದ ಗೋಪಿಗೂ ವಿಶಾಲನಿಗೂ ಕಷ್ಟವೇ. ಆದರೆ ಮರ ಕಡಿದವರು ಅವರು. ‘ನಿನ್ನನ್ನು ಕರೆಯದೆ ಇರಬಹುದಿತ್ತು’ ಎಂದು ನನಗೆ ಇನ್ನೊಮ್ಮೆ ಬರೆಯಬೇಡ. ನನ್ನ ವಯಸ್ಸಿನಲ್ಲಿ ಒಂದು ದಿನ ನನ್ನದೆಂದು ಇದ್ದದ್ದು ಅದೊಂದೇ. ಅದನ್ನೇ ಇಲ್ಲವೆಂದು ಹೇಳಬೇಕಾಗಿದೆ, ಹೇಳುತ್ತೇನೆ.

ನಾಗನ ವಿಷಯದಲ್ಲಿ ಸುಳ್ಳು. ಅದಕ್ಕೆ ಅರಿಶಿನದ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ದೇವರ ಕೋಣೆಯ ಜಂತಿಗೆ ಸಿಕ್ಕಿಸಿದ್ದೇನೆ. ತಪ್ಪು ಮಾಡುವ ಮೊದಲೇ ತಪ್ಪುಕಾಣಿಕೆ ಕಟ್ಟಿದವರು ಈ ಮನೆಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಗೋಪಿ ನೋಡಿ, ‘ಎಂತಕ್ ಅಕ್ಕ ಕಟ್ಟಿದ್ದ್?’ ಅಂದ. ‘ಮಂಡಿಗೆ’ ಅಂದೆ.

ನೀನೂ ನಿನ್ನ ಉತ್ತರದಲ್ಲಿ ಇಲ್ಲ ಎಂದೇ ಬರೆದಿರುತ್ತೀ. ಇಬ್ಬರದೂ ಒಂದೇ ಮಾತಾದರೆ ಮುಗಿಯಿತು. ಇದಕ್ಕೆ ಉತ್ತರ ಬೇಡ. ಕಾಗದ ಯಾರ ಕೈಗೂ ಸಿಗದಿರಲಿ.

ಅಮ್ಮ


ಹೆಬ್ಬಾಗಿಲು ಶಿಬಿರ
ಜುಲೈ ೨೭, ೨೦೨೫

ಅಮ್ಮನಿಗೆ,

ಮಾರ್ಚ್ ೨ರಂದು ನನ್ನ ತಾಯಿಯನ್ನು ಪರವಾನಗಿಯಿಲ್ಲದೆ ನಾನೇ ಕರೆತಂದೆ ಎಂದು ಲಿಖಿತ ಉತ್ತರ ಕೊಟ್ಟಿದ್ದೇನೆ. ಜುಲೈ ೧೧ಕ್ಕೆ ಅಧಿಕಾರಿಗಳು ಶಿಬಿರಕ್ಕೆ ಬಂದಿದ್ದಾಗ ಅವರ ಕೈಗೇ ಕೊಟ್ಟೆ. ಅವರು ಓದಿದರು. ‘ಯೋಚನೆ ಮಾಡಿ ಬರೆದಿದ್ದೀರಾ?’ ಎಂದು ಕೇಳಿದರು. ಹೌದೆಂದೆ. ಫೈಲಿಗೆ ಹಾಕಿಕೊಂಡರು. ನಿನ್ನ ಹೇಳಿಕೆಯ ದಿನಾಂಕವನ್ನೂ ಅವರೇ ತಿಳಿಸಿದರು.

ಅವರು ಇಳಿದು ಹೋದ ಮರುದಿನ ಎರಡು ಕಡೆ ಗುಡ್ಡ ಜರಿಯಿತು. ಜೀಪು ಬಂದಿಲ್ಲ. ಜೂನಿನಿಂದ ನಿನ್ನ ಪತ್ರ ಒಂದೂ ಕೈಗೆ ಬಂದಿಲ್ಲ. ಬರೆದಿದ್ದರೆ ಕೊಲ್ಲೂರಿನಲ್ಲಿ ಬಿದ್ದಿರಬೇಕು. ವಯರ್‌ಲೆಸ್ ಸೆಟ್ಟು ಸಿಡಿಲಿಗೆ ಕೆಟ್ಟಿದೆ. ಅಕ್ಕಿ ಇದೆ, ಬೇಳೆ ಮುಗಿದಿದೆ. ಬೆಳ್ಳಿ ಕಳಲೆ ಬೇಯಿಸುತ್ತಾಳೆ.

ಹೀಗೆ ಯಾಕೆ ಬರೆದೆ ಎಂದು ನೀನು ಕೇಳುತ್ತೀ. ಮಾವನ ಹೆಸರು ಸರಿಯಾಗಿ ಬರೆದವಳು ನನ್ನ ಹೆಸರು ಬಿಟ್ಟರೆ ಆಗುವುದಿಲ್ಲ. ಇನ್ನೊಂದು ಕಾರಣ ನೀನು. ತಮ್ಮನಿಗೂ ಮಗಳಿಗೂ ನಡುವೆ ನಿನ್ನನ್ನು ನಿಲ್ಲಿಸಬಾರದು. ಆ ಹೊರೆ ನಿನ್ನ ತಲೆಯಿಂದ ಇಳಿಯಲಿ ಎಂದು.

ನೀನು ಇದ್ದದ್ದನ್ನು ಹೇಳಿದರೆ ನನಗೆ ಹೊಸದಾಗಿ ಏನೂ ಆಗುವುದಿಲ್ಲ. ಬಂದಿಲ್ಲ ಎಂದು ನೀನು ಹೇಳಿದರೆ ಮಾತ್ರ ಇಬ್ಬರಲ್ಲಿ ಒಬ್ಬರದು ಸುಳ್ಳು ಹೇಳಿಕೆಯಾಗುತ್ತದೆ. ಯಾರದೆಂದು ಅವರಿಗೆ ಬೇಗ ತಿಳಿಯುತ್ತದೆ. ನೀನು ಹಾಗೆ ಹೇಳುವವಳಲ್ಲ, ಆದರೂ ಬರೆದಿದ್ದೇನೆ.

ಈ ಪತ್ರವನ್ನು ಸುಬ್ಬ ಕಾಲುದಾರಿಯಲ್ಲಿ ಕೊಲ್ಲೂರಿಗೆ ಒಯ್ಯುತ್ತಾನೆ. ಹೊಳೆ ದಾಟಬೇಕು. ‘ನೀರ್ ಇಳ್ದ್ರೆ ನಾಳೆ ಹೋತೆ, ಇಳೀದೆ ಇದ್ರೆ ನಾಡಿದ್ದ್’ ಎನ್ನುತ್ತಾನೆ. ನಿನ್ನೆಯೂ ಇದನ್ನೇ ಹೇಳಿದ್ದ.

ನಾಗರ ಪಂಚಮಿ ಮಂಗಳವಾರ. ನಿನ್ನ ಹೇಳಿಕೆ ಆಗಸ್ಟ್ ೬, ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ, ಕುಂದಾಪುರದ ಕಚೇರಿಯಲ್ಲಿ.

ಚೇತನಾ